ಲಂಕಾವಿಯ ಏಳು ಬಾವಿಗಳಲ್ಲಿ ನಾನು ಈಜಿದ್ದು

ಹೋಟೆಲಿನ ಬಾಗಿಲು

ಎಂಟು ಗಂಟೆಗೆ ವ್ಯಾನು ಬರುತ್ತದೆ, ಎಲ್ಲರೂ ತಯಾರಾಗಿ ಕೆಳಗೆ ನಿಂತಿರಬೇಕು ಎಂದು ಹಿಂದಿನ ಸಂಜೆಯೇ ಹೇಳಿಹೋಗಿದ್ದರು. ನಾನು ಏಳೂ ಮುಕ್ಕಾಲಿಗೇ ನಿಂತಿದ್ದೆ. ಇಪ್ಪತ್ತೆರಡು ವರ್ಷ ದೆಹಲಿಯ ಜನಕಪುರಿಯಿಂದ ಚಾರ್ಟರ್ಡ್ ಬಸ್ಸು ಹಿಡಿದು ಕೇಂದ್ರ ಸರ್ಕಾರದ ಕಚೇರಿಗೆ ಹೋಗಿ ಬಂದವನಿಗೆ ಹೊತ್ತಿಗಿಂತ ಮುಂಚೆ ನಿಲ್ಲುವುದು ಒಂದು ಕಾಯಿಲೆಯ ಹಾಗೆ ಅಂಟಿಕೊಂಡಿರುತ್ತದೆ. ವ್ಯಾನು ಸರಿಯಾಗಿ ಎಂಟಕ್ಕೆ ಬಂತು. ಬರದೇ ಇದ್ದವರು ಶ್ರೀಮತಿ ಸೇಠಿ.

ನಮ್ಮ ಗುಂಪೆಂದರೆ ಐದೇ ಜನ. ನಾನು, ನನ್ನ ಹೆಂಡತಿ ಸುಮಿತ್ರಾ, ಹದಿಮೂರು ವರ್ಷದ ಮಗಳು ಅನಘಾ, ಜೊತೆಗೆ ಘಾಜಿಯಾಬಾದಿನ ಸೇಠಿ ದಂಪತಿ. ಚಿಕ್ಕ ಗುಂಪು, ಚೊಕ್ಕ ಪ್ರವಾಸ ಎಂದು ಜನಕಪುರಿಯ ಟ್ರಾವೆಲ್ ಏಜೆಂಟ್ ಆಸೆ ಹುಟ್ಟಿಸಿದ್ದ. ಆ ಚಿಕ್ಕ ಗುಂಪಿನ ಅರ್ಧಭಾಗ ಶ್ರೀಮತಿ ಸೇಠಿ ಒಬ್ಬರೇ ಆಗಿರುತ್ತಾರೆ ಎಂದು ಅವನು ಹೇಳಿರಲಿಲ್ಲ. ಸೇಠಿಯವರಿಗೆ ನಟ್ಟು ಬೋಲ್ಟು ತಯಾರಿಸುವ ಸಣ್ಣ ಕಾರ್ಖಾನೆಯಿದೆ. ಮಾತೇ ಆಡದ ಮನುಷ್ಯ. ಅವರ ಪಾಲಿನ ಮಾತನ್ನೂ ಅವರ ಹೆಂಡತಿಯೇ ಆಡಿ ಮುಗಿಸುತ್ತಾರೆ. ಕೌಲಾಲಂಪುರದ ಮೂರು ದಿನಗಳಲ್ಲಿ ಆಕೆ ನನ್ನ ಸಂಬಳ, ನನ್ನ ಬಡ್ತಿ ಯಾಕೆ ತಡವಾಯಿತು, ನಮಗೆ ಯಾಕೆ ಒಂದೇ ಮಗು, ಇವಿಷ್ಟನ್ನೂ ಕೇಳಿ ತಿಳಿದುಕೊಂಡಿದ್ದರು. ನಾಲ್ಕನೆಯ ದಿನ ನಾವು ಲಂಕಾವಿ ಎಂಬ ಈ ದ್ವೀಪಕ್ಕೆ ಬಂದಿದ್ದೆವು.

ನಮ್ಮ ಕಡೆಗೆ ಮೆಟ್ರೋ ರೈಲು ಬಂದ ಮರುವರ್ಷದ ಜೂನ್ ತಿಂಗಳು ಅದು. ದೆಹಲಿಯಲ್ಲಿ ಬಿಸಿಗಾಳಿ ಬೀಸುತ್ತಿತ್ತು, ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ನಾವು ಮೂವರೂ ಭಾರತದ ಗಡಿ ದಾಟಿದ್ದು ಅದೇ ಮೊದಲು. ಸರ್ಕಾರಿ ನೌಕರನಾದವನು ವಿದೇಶಕ್ಕೆ ಹೋಗಲು ಅನುಮತಿ ಪಡೆಯಬೇಕು. ನನ್ನ ಅರ್ಜಿ ನಾಲ್ಕು ಮೇಜುಗಳನ್ನು ದಾಟಲು ಎರಡು ತಿಂಗಳು ತೆಗೆದುಕೊಂಡಿತು. ಅದರಲ್ಲಿ ಒಂದು ಮೇಜು ನನ್ನದೇ.

ಎಂಟೂ ಮೂವತ್ತೈದಕ್ಕೆ ಶ್ರೀಮತಿ ಸೇಠಿ ಇಳಿದು ಬಂದರು. ಗುಲಾಬಿ ಬಣ್ಣದ ಸಲ್ವಾರ್ ಕಮೀಜು, ಹಿಮ್ಮಡಿ ಎತ್ತರಿಸಿದ ಚಪ್ಪಲಿ, ಕೈಯಲ್ಲಿ ಎರಡು ದೊಡ್ಡ ಚೀಲ. ಒಂದರಲ್ಲಿ ಮಠ್ರಿ ಎಂಬ ಕುರುಕಲು ತಿಂಡಿ, ಉಪ್ಪಿನಕಾಯಿ, ಪರಾಠ. ಇನ್ನೊಂದರಲ್ಲಿ ಏನಿತ್ತೆಂದು ಕೊನೆಯವರೆಗೂ ಗೊತ್ತಾಗಲಿಲ್ಲ. ತಡವಾದದ್ದಕ್ಕೆ ಒಂದು ಮಾತೂ ಇಲ್ಲ. ಭಾಯಿಸಾಬ್, ನೀವು ಯಾಕೆ ಬಿಸಿಲಲ್ಲಿ ನಿಂತಿದ್ದೀರಿ, ಒಳಗೆ ಎಸಿ ಇತ್ತಲ್ಲ ಎಂದು ನನಗೇ ಬುದ್ಧಿ ಹೇಳಿದರು.

ವ್ಯಾನಿನಲ್ಲಿ

ನಮ್ಮ ಚಾಲಕನೂ ಮಾರ್ಗದರ್ಶಿಯೂ ಒಬ್ಬನೇ, ಇಸ್ಮಾಯಿಲ್ ಎಂಬ ಐವತ್ತರ ಮನುಷ್ಯ. ಬೆಳಗ್ಗೆ ಕಾಡಿನೊಳಗಿನ ಏಳು ಬಾವಿಗಳು, ಅಲ್ಲಿ ಸ್ನಾನ, ಮಧ್ಯಾಹ್ನ ಊಟ, ಆಮೇಲೆ ಸಮುದ್ರತೀರ, ಸಂಜೆಗೆ ವಾಪಸು ಎಂದು ಅವನು ದಿನದ ಲೆಕ್ಕ ಒಪ್ಪಿಸಿದ. ಏಳು ಬಾವಿಗಳಿಗೆ ಅವರ ಭಾಷೆಯಲ್ಲಿ ತೆಲಗಾ ತುಜು ಎನ್ನುತ್ತಾರೆ. ಬಾವಿ ಎಂದರೆ ಕಟ್ಟೆ ಕಟ್ಟಿದ ಬಾವಿಯಲ್ಲ. ಬೆಟ್ಟದ ಮೇಲಿನ ಹಳ್ಳವೊಂದು ಬಂಡೆಯನ್ನು ಸವೆಸಿ ಸವೆಸಿ ಒಂದರ ಕೆಳಗೊಂದು ಏಳು ಬೋಗುಣಿಗಳನ್ನು ಮಾಡಿಕೊಂಡಿದೆ. ಹಿಂದೆ ಅಪ್ಸರೆಯರು ಅಲ್ಲಿಗೆ ಸ್ನಾನಕ್ಕೆ ಬರುತ್ತಿದ್ದರಂತೆ. ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ, ಈಗ ಪ್ರವಾಸಿಗಳು ಬರುತ್ತಾರೆ ಎಂದ.

ಇಸ್ಮಾಯಿಲ್ ಒಂದು ಸಲವೂ ಹಾರ್ನ್ ಒತ್ತಲಿಲ್ಲ. ಮುಂದೆ ಎಮ್ಮೆಯೊಂದು ರಸ್ತೆಗೆ ಅಡ್ಡವಾಗಿ ನಿಂತಾಗಲೂ ಇಂಜಿನ್ ಆರಿಸಿ, ಕೈಕಟ್ಟಿ ಕುಳಿತು, ಅದು ತಾನಾಗಿ ಹೋಗುವವರೆಗೆ ಕಾದ. ನಮ್ಮ ನಜಫ್‌ಗಢ ರಸ್ತೆಯಲ್ಲಾಗಿದ್ದರೆ ಅಷ್ಟರಲ್ಲಿ ಮೂರು ಜಗಳ ಮುಗಿದು ನಾಲ್ಕನೆಯದು ಶುರುವಾಗಿರುತ್ತಿತ್ತು. ಇದನ್ನು ಮೆಚ್ಚಬೇಕೆಂದು ನನಗೂ ಗೊತ್ತು. ಆದರೆ ಮೂವತ್ತೈದು ನಿಮಿಷ ತಡವಾಗಿ ಹೊರಟ ವ್ಯಾನಿನಲ್ಲಿ ಕುಳಿತು ಎಮ್ಮೆಯ ಬಾಲ ನೋಡುತ್ತಿದ್ದಾಗ ಮೆಚ್ಚುಗೆ ಬರಲಿಲ್ಲ.

ಆ ಸಮಯವನ್ನು ಶ್ರೀಮತಿ ಸೇಠಿ ವ್ಯರ್ಥ ಮಾಡಲಿಲ್ಲ. ಅವರು ಹೋದ ವರ್ಷವಷ್ಟೇ ಘಾಜಿಯಾಬಾದಿನ ಹಳೆಯ ಮನೆಯಿಂದ ಇಂದಿರಾಪುರಂನ ಒಂಬತ್ತನೆಯ ಮಹಡಿಯ ಫ್ಲ್ಯಾಟಿಗೆ ಬಂದಿದ್ದರು. ಹೊಸ ಮತಕ್ಕೆ ಸೇರಿದವರ ಹಾಗೆ ಎಲ್ಲರನ್ನೂ ಅಲ್ಲಿಗೆ ಸೇರಿಸುವ ಹುಮ್ಮಸ್ಸು ಅವರಿಗೆ. ಜನಕಪುರಿಯಲ್ಲಿ ಏನಿದೆ, ಇಂದಿರಾಪುರಂಗೆ ಬಂದುಬಿಡಿ, ಲಿಫ್ಟಿದೆ, ಪಾರ್ಕಿದೆ, ಸ್ವಿಮ್ಮಿಂಗ್ ಪೂಲ್ ಕೂಡ ಬರಲಿದೆ ಎಂದರು. ಈಜುಕೊಳದ ಹೆಸರೆತ್ತಿದ್ದೇ ತಡ, ಕಿಟಕಿಗೆ ಒರಗಿ ಕುಳಿತಿದ್ದ ಅನಘಾ ಇತ್ತ ತಿರುಗಿದಳು.

ಅನಘಾ ಶಾಲೆಯ ಈಜು ತಂಡದಲ್ಲಿದ್ದಳು. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಅವಳು ಮಾತಾಡುವಾಗ ವಾಕ್ಯ ಕನ್ನಡದಲ್ಲಿ ಹೊರಟು ಹಿಂದಿಯಲ್ಲಿ ಇಳಿಯುತ್ತದೆ. ಅವಳು ಶ್ರೀಮತಿ ಸೇಠಿಯವರಿಗೆ ಹಿಂದಿಯಲ್ಲಿ ಹೇಳಿದಳು: "ಆಂಟಿ, ಮೇರೇ ಪಪ್ಪಾ ನೇ ಕಾವೇರಿ ನದೀ ಪಾರ್ ಕೀ ಥೀ. ಬಾರಹ್ ಸಾಲ್ ಕೀ ಉಮ್ರ್ ಮೇಂ."

ಹನ್ನೆರಡನೆಯ ವಯಸ್ಸಿನಲ್ಲಿ ಕಾವೇರಿ ದಾಟಿದ ಗಂಡಸನ್ನು ಶ್ರೀಮತಿ ಸೇಠಿ ತಲೆಯಿಂದ ಪಾದದವರೆಗೆ ನೋಡಿದರು. ನಾನು ಎಮ್ಮೆ ಇದ್ದ ಜಾಗವನ್ನು ನೋಡುತ್ತಿದ್ದೆ. ಎಮ್ಮೆ ಹೋಗಿಯಾಗಿತ್ತು.

ಇಲ್ಲಿ ನಿಜ ಹೇಳಿಬಿಡುತ್ತೇನೆ. ನಾನು ಕಾವೇರಿಯನ್ನು ದಾಟಿಲ್ಲ. ಕಾವೇರಿಯನ್ನೇ ಏಕೆ, ಯಾವ ನೀರನ್ನೂ ದಾಟಿಲ್ಲ. ಶ್ರೀರಂಗಪಟ್ಟಣದ ಹತ್ತಿರದ ಊರೊಂದರಲ್ಲಿ ನಮ್ಮ ತಂದೆ ಅಂಚೆ ಕಚೇರಿಯ ಗುಮಾಸ್ತರಾಗಿದ್ದರು. ನದಿ ದಾಟುತ್ತಿದ್ದವನು ನನ್ನ ಅಣ್ಣ. ಅನಘಾಳಿಗೆ ನಾಲ್ಕು ವರ್ಷವಿದ್ದಾಗ, ಕರೆಂಟು ಹೋದ ಬೇಸಿಗೆಯ ಸಂಜೆಗಳಲ್ಲಿ ಟೆರೇಸಿನ ಮೇಲೆ ಅವಳಿಗೆ ಅನ್ನ ತಿನ್ನಿಸಬೇಕಿತ್ತು. ಅಣ್ಣನ ಕಥೆಯನ್ನು ನನ್ನದೆಂದು ಹೇಳಿದೆ. ಮೊದಲ ಸಲ ಅರ್ಧ ನದಿ ದಾಟಿದ್ದೆ. ಮುಂದಿನ ವಾರ ಪೂರ್ತಿ. ಮಳೆಗಾಲ ಬರುವ ಹೊತ್ತಿಗೆ ಪ್ರವಾಹದಲ್ಲಿ ಸಿಕ್ಕಿದ ಒಂದು ಕರುವನ್ನೂ ದಡಕ್ಕೆ ತಂದಿದ್ದೆ. ಮಗು ಬಟ್ಟಲು ಖಾಲಿ ಮಾಡುತ್ತಿತ್ತು. ಆಮೇಲೆ ಅವಳು ದೊಡ್ಡವಳಾದಳು, ಈಜು ಕಲಿಯಬೇಕೆಂದು ಹಟ ಹಿಡಿದಳು, ಕಲಿತಳು, ಪದಕ ತಂದಳು. ಕಥೆಯನ್ನು ವಾಪಸು ತೆಗೆದುಕೊಳ್ಳುವ ಸಂದರ್ಭ ಬರಲೇ ಇಲ್ಲ. ದೆಹಲಿಯಲ್ಲಿ ಅದರಿಂದ ತೊಂದರೆಯೂ ಇರಲಿಲ್ಲ. ಯಮುನೆಯಲ್ಲಿ ಈಜು ಎಂದು ಯಾರೂ ಯಾರನ್ನೂ ಕರೆಯುವುದಿಲ್ಲ.

ಮೆಟ್ಟಿಲುಗಳು

ಮೆಟ್ಟಿಲು ಸ್ವಲ್ಪವೇ ಇದೆ ಎಂದು ಇಸ್ಮಾಯಿಲ್ ಹೇಳಿದ್ದ. ಸುಮಿತ್ರಾ ಎಣಿಸುತ್ತ ಹತ್ತಿದಳು. ನಾನೂರರ ಹತ್ತಿರ ಎಣಿಕೆ ತಪ್ಪಿ ಬಿಟ್ಟುಬಿಟ್ಟಳು. ಅದಾದ ಮೇಲೂ ಮೆಟ್ಟಿಲುಗಳು ಮರಗಳ ನಡುವೆ ನಿರಾಯಾಸವಾಗಿ ಮೇಲೆ ಹೋಗುತ್ತಲೇ ಇದ್ದವು. ಗಾಳಿ ಅಲುಗಾಡುತ್ತಿರಲಿಲ್ಲ. ದೆಹಲಿಯ ಬಿಸಿಲು ಮೈಯನ್ನು ಒಣಗಿಸುತ್ತದೆ, ಇಲ್ಲಿನ ಸೆಕೆ ಬೇಯಿಸುತ್ತದೆ. ನನ್ನ ಶರ್ಟು ಬೆನ್ನಿಗೆ ಅಂಟಿಕೊಂಡಿತು. ಕನ್ನಡಕದ ಮೇಲೆ ಮಂಜು ಕೂತಿತು. ಚಾಮುಂಡಿ ಬೆಟ್ಟವನ್ನು ಹತ್ತಿದವನು ನಾನು ಎಂದು ಹೆಂಡತಿಗೆ ಹೇಳಿದೆ. ಅದು ನಿಜವೇ. ಆದರೆ ಆಗ ನನಗೆ ಹದಿನೆಂಟು.

ಹಿಮ್ಮಡಿ ಚಪ್ಪಲಿಯ ಶ್ರೀಮತಿ ಸೇಠಿ ಅರ್ಧದಲ್ಲೇ ನಿಲ್ಲುತ್ತಾರೆ, ಆಗ ನಾನೂ ಗೌರವದಿಂದ ಅಲ್ಲೇ ಉಳಿಯಬಹುದು ಎಂದು ನನ್ನ ಲೆಕ್ಕಾಚಾರ. ಆಕೆ ಚಪ್ಪಲಿ ಕಳಚಿ ಗಂಡನ ಕೈಗೆ ಕೊಟ್ಟು ಬರಿಗಾಲಿನಲ್ಲಿ ನನ್ನನ್ನು ದಾಟಿ ಹೋದರು. ವೈಷ್ಣೋದೇವಿಗೆ ಹನ್ನೊಂದು ಸಲ ಹೋಗಿದ್ದೇನೆ ಭಾಯಿಸಾಬ್, ಇದೇನು ಮಹಾ ಎಂದರು. ಅವರ ಹಿಂದೆ ಸೇಠಿಯವರು, ಎರಡೂ ಕೈಯಲ್ಲಿ ಒಂದೊಂದು ಚಪ್ಪಲಿ ಹಿಡಿದುಕೊಂಡು, ನನ್ನತ್ತ ಒಮ್ಮೆ ನೋಡಿ ಮೇಲೆ ಹೋದರು.

ಅಷ್ಟರಲ್ಲಿ ಕೋತಿಯೊಂದು ಬಂದು ಸುಮಿತ್ರಾಳ ಕೈಯಿಂದ ಅವಲಕ್ಕಿಯ ಡಬ್ಬಿ ಕಿತ್ತುಕೊಂಡಿತು. ನಮ್ಮ ಕಚೇರಿಯ ಕಾರಿಡಾರಿನಲ್ಲೂ ಕೋತಿಗಳಿವೆ. ಕಡತ ಹರಿಯುತ್ತವೆ, ಊಟದ ಡಬ್ಬಿ ಕದಿಯುತ್ತವೆ. ಸಮುದ್ರ ದಾಟಿ ಇಷ್ಟು ದೂರ ಬಂದು ಅದೇ ಕೋತಿಯ ಕೈಗೆ ಡಬ್ಬಿ ಕೊಡುವುದಾದರೆ ರಜೆ ಹಾಕಿದ್ದು ಯಾಕೆ ಎಂದು ನಾನು ಸಿಡಿಮಿಡಿಗೊಂಡೆ. ಎಲ್ಲದಕ್ಕೂ ಯಾಕೆ ರೇಗ್ತಾ ಇದೀರಿ ಬೆಳಗ್ಗೆಯಿಂದ ಎಂದು ಸುಮಿತ್ರಾ ಕೇಳಿದಳು. ಸೆಕೆ ಎಂದೆ.

ದಾರಿಯಲ್ಲಿ ಅಲ್ಲಲ್ಲಿ ಹಳದಿ ಫಲಕಗಳು. ಇಸ್ಮಾಯಿಲ್ ಪ್ರತಿ ಫಲಕದ ಹತ್ತಿರವೂ ನಿಂತು ಲಿಚಿನ್, ಲಿಚಿನ್ ಎಂದು ಹೇಳುತ್ತಿದ್ದ. ಮೇಲಿನ ಕೊಳವೊಂದರ ಹೆಸರಿರಬೇಕೆಂದು ನಾನು ತಲೆಯಾಡಿಸಿದೆ.

ಏಳು ಬಾವಿಗಳು

ಜಾಗ ಚೆನ್ನಾಗಿತ್ತು. ಇಷ್ಟನ್ನು ಒಪ್ಪಿಕೊಳ್ಳದಿದ್ದರೆ ತಪ್ಪಾಗುತ್ತದೆ. ಕಾಡಿನ ನಡುವೆ ಅಗಲವಾದ ಬೂದು ಬಂಡೆ, ಅದರ ಮೇಲೆ ಗಾಜಿನ ಹಾಗೆ ಜಾರಿ ಬರುವ ನೀರು, ಒಂದು ಬೋಗುಣಿಯಲ್ಲಿ ತಂಗಿ, ತುಳುಕಿ, ನುಣುಪಾದ ಕಾಲುವೆಯಲ್ಲಿ ಮುಂದಿನದಕ್ಕೆ ಇಳಿಯುತ್ತದೆ. ಸ್ಥಳೀಯ ಮಕ್ಕಳು ಆ ಕಾಲುವೆಯಲ್ಲಿ ಕುಳಿತು ಜಾರುಬಂಡಿಯಂತೆ ಒಂದರಿಂದ ಇನ್ನೊಂದಕ್ಕೆ ಬೀಳುತ್ತಿದ್ದರು. ಬಲು ಕೆಳಗೆ, ಕೊನೆಯ ಬೋಗುಣಿಯ ಆಚೆ, ಒಂದು ಬೇಲಿ. ಬೇಲಿಯಾಚೆ ಏನೂ ಇರಲಿಲ್ಲ. ಬಂಡೆ ಮುಗಿದು ಆಕಾಶ ಶುರುವಾಗುತ್ತಿತ್ತು. ನೀರು ಅಲ್ಲಿಂದ ಜಲಪಾತವಾಗಿ ಬೀಳುತ್ತದೆ ಎಂದು ಇಸ್ಮಾಯಿಲ್ ಕೈಯಿಂದ ತೋರಿಸಿದ. ನನ್ನ ಕಣ್ಣು ಆ ಬೇಲಿಯ ಮೇಲೆ ನೆಟ್ಟಿತು.

ಅನಘಾ ಆಗಲೇ ನೀರಿನಲ್ಲಿದ್ದಳು. ಮುಳುಗಿ, ಎದ್ದು, ಮೀನಿನಂತೆ ತಿರುಗಿ ಬರುತ್ತಿದ್ದಳು. ಸುಮಿತ್ರಾ ಕ್ಯಾಮೆರಾ ಹಿಡಿದು ನಿಂತಳು. ಮೂವತ್ತಾರು ಚಿತ್ರಗಳ ರೀಲಿನಲ್ಲಿ ಆರು ಮಾತ್ರ ಉಳಿದಿವೆ, ಸಮುದ್ರಕ್ಕೂ ಬೇಕು ಎನ್ನುತ್ತ ಯಾವುದನ್ನೂ ತೆಗೆಯುತ್ತಿರಲಿಲ್ಲ. ಸೇಠಿ ದಂಪತಿ ಕೆಳಗಿನ ಬೋಗುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು.

"ಅಪ್ಪ, ಬನ್ನಿ ನಾ. ಇಟ್ಸ್ ನಥಿಂಗ್. ನೀವು ನದೀನೇ ಕ್ರಾಸ್ ಮಾಡಿದೀರಾ."

ಮೊಣಕಾಲು ನೋಯುತ್ತಿದೆ ಎಂದೆ. ಬದಲಿ ಬಟ್ಟೆ ವ್ಯಾನಿನಲ್ಲಿದೆ ಎಂದೆ. ಊಟವಾಗಲಿ ಎಂದೆ. ಊಟಕ್ಕೆ ಮುಂಚೆಯೇ ಈಜಬೇಕು ಎಂದು ನೀವೇ ಹೇಳಿದ್ದು ಎಂದಳು. ಹೌದು, ಆ ಕಥೆಯಲ್ಲಿ ಅದನ್ನೂ ಸೇರಿಸಿದ್ದೆ. ಕೆಳಗಿನಿಂದ ಶ್ರೀಮತಿ ಸೇಠಿ, ಹೋಗಿ ಭಾಯಿಸಾಬ್, ಮಗು ಇಷ್ಟು ಕರೆಯುತ್ತಿದೆ ಎಂದರು. ಈಕೆಗೆ ತನ್ನ ಕಾಲುಗಳನ್ನು ನೋಡಿಕೊಂಡು ಇರಲು ಆಗುವುದಿಲ್ಲವೇ ಎಂದು ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಪ್ಯಾಂಟು ಮಡಿಸಿದೆ. ಅಂಚಿನಲ್ಲಿ ಕುಳಿತು ಪಾದ ಮುಳುಗಿಸಿದರೆ ಸಾಕು, ಈಜಿದ ಹಾಗೇ ಎಂದುಕೊಂಡು ಎರಡು ಹೆಜ್ಜೆ ಇಟ್ಟೆ.

ಮೂರನೆಯ ಹೆಜ್ಜೆಗೆ ನೆಲವಿರಲಿಲ್ಲ. ಬಂಡೆಯ ಮೇಲಿನ ಪಾಚಿ ನನ್ನನ್ನು ಹಾಗೇ ಎತ್ತಿ ಕಾಲುವೆಗೆ ಕೊಟ್ಟಿತು. ಬೆನ್ನ ಮೇಲೆ ಜಾರುತ್ತ, ಆಕಾಶ, ಮರ, ಮತ್ತೆ ಆಕಾಶ ನೋಡುತ್ತ ನಾನು ಕೆಳಗಿನ ಬೋಗುಣಿಗೆ ತಲೆ ಮುಂದಾಗಿ ಬಿದ್ದೆ. ಮೂಗು, ಬಾಯಿ, ಕಿವಿ ಎಲ್ಲವೂ ನೀರು. ಕಣ್ಣು ಬಿಟ್ಟರೆ ಹಸಿರು ಕತ್ತಲೆ. ಮುಂದೆ ಬೇಲಿ, ಬೇಲಿಯಾಚೆ ಆಕಾಶ ಎಂಬುದಷ್ಟೇ ತಲೆಯಲ್ಲಿತ್ತು. ಕೈಕಾಲು ಬಡಿದೆ. ಎತ್ತ ಮೇಲೆ, ಎತ್ತ ಕೆಳಗೆ ತಿಳಿಯಲಿಲ್ಲ.

ಆಗ ಒಂದು ಕೈ ನನ್ನ ಕಂಕುಳಿಗೆ ಬಂತು. ಅನಘಾ ನನ್ನ ಹಿಂದೆಯೇ ಹಾರಿದ್ದಳು. ಈಜು ತರಗತಿಯಲ್ಲಿ ಕಲಿಸಿದಂತೆ ಹಿಂದಿನಿಂದ ಹಿಡಿಯಲು ನೋಡಿದಳು. ನಾನು ಅವಳನ್ನು ಹಿಡಿದುಕೊಂಡೆ. ಮೊದಲು ಕೂದಲು, ಆಮೇಲೆ ಕುತ್ತಿಗೆ. ಮುಂದಿನದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ನಡೆದದ್ದು ಹೀಗೆ. ಮೇಲೆ ಬರಲು ನನಗೆ ಊರಿಕೊಳ್ಳಲು ಏನಾದರೂ ಬೇಕಿತ್ತು, ಸಿಕ್ಕಿದ್ದು ನನ್ನ ಮಗಳ ಹೆಗಲು. ನಾನು ಅದನ್ನು ಕೆಳಕ್ಕೆ ಒತ್ತಿದೆ. ನನ್ನ ಬಾಯಿಗೆ ಗಾಳಿ ಸಿಕ್ಕಿತು. ಇನ್ನೂ ಬೇಕೆನಿಸಿತು, ಇನ್ನೂ ಒತ್ತಿದೆ. ನನ್ನ ಕೈಕೆಳಗೆ ಅವಳು ಒದ್ದಾಡುತ್ತಿರುವುದು ತಿಳಿಯುತ್ತಿತ್ತು. ಆದರೂ ಕೈ ಬಿಡಲಿಲ್ಲ.

ಕೆನ್ನೆಗೆ ಏಟು ಬಿತ್ತು. ಒಂದಲ್ಲ, ಎರಡು. ಯಾರೋ ನನ್ನ ಕಾಲರು ಹಿಡಿದು ಹಿಂದಕ್ಕೆ ಎಳೆದರು.

"ಬಚ್ಚೀ ಕೋ ಛೋಡೋ. ಖಡೇ ಹೋ ಜಾಓ."

ಮಗುವನ್ನು ಬಿಡು, ಎದ್ದು ನಿಲ್ಲು. ಶ್ರೀಮತಿ ಸೇಠಿ ಗುಲಾಬಿ ಸಲ್ವಾರಿನ ಸಮೇತ ನೀರಿನೊಳಗೆ ನಡೆದು ಬಂದಿದ್ದರು. ಈಜಿ ಬಂದದ್ದಲ್ಲ, ನಡೆದು. ಆಕೆಗೂ ಈಜು ಬರುವುದಿಲ್ಲವೆಂದು ಆಮೇಲೆ ತಿಳಿಯಿತು.

ನಾನು ಕಾಲು ಕೆಳಗಿಟ್ಟೆ. ನೆಲ ಸಿಕ್ಕಿತು. ಎದ್ದು ನಿಂತೆ. ನೀರು ನನ್ನ ಎದೆಗಿತ್ತು, ಶರ್ಟಿನ ಜೇಬಿಗಿಂತ ಎರಡು ಬೆರಳು ಕೆಳಗೆ.

ಸೇಠಿಯವರು ಅನಘಾಳನ್ನು ಎತ್ತಿ ಬಂಡೆಯ ಮೇಲೆ ಮಲಗಿಸಿ ಬೆನ್ನು ತಟ್ಟುತ್ತಿದ್ದರು. ಅವಳು ಕೆಮ್ಮಿ, ವಾಂತಿ ಮಾಡಿ, ಮತ್ತೆ ಕೆಮ್ಮಿದಳು. ಆ ನೀರು ಅವಳ ಗದ್ದದವರೆಗೆ ಬರುತ್ತಿತ್ತಷ್ಟೆ. ನಾನು ಅವಳನ್ನು ಅವಳ ಪಾಡಿಗೆ ಬಿಟ್ಟಿದ್ದರೆ ಅವಳೂ ನಿಲ್ಲಬಹುದಿತ್ತು. ಸುಮಿತ್ರಾ ಮೇಲಿನಿಂದ ಬಂಡೆಯ ಮೇಲೆ ಕುಳಿತುಕೊಂಡೇ ತೆವಳಿ ಇಳಿದು ಬಂದಳು. ಅವಳ ಕೈ ಮಗಳ ತಲೆಯ ಮೇಲಿತ್ತು, ಕಣ್ಣು ನನ್ನ ಮೇಲೆ. ನಾನು ನೀರಿನಲ್ಲೇ ನಿಂತಿದ್ದೆ. ಸುತ್ತ ಜಾರಾಡುತ್ತಿದ್ದ ಮಕ್ಕಳು ಆಟ ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಅವರಲ್ಲಿ ಅತಿ ಚಿಕ್ಕವನು ನನ್ನ ಪಕ್ಕದಲ್ಲೇ ಸಲೀಸಾಗಿ ತೇಲುತ್ತಿದ್ದ.

ಬೆಟ್ಟದ ಬುಡದ ಚಹಾದಂಗಡಿ

ಕೆಳಗೆ ತಗಡಿನ ಮಾಡಿನ ಅಂಗಡಿಯಲ್ಲಿ ಇಸ್ಮಾಯಿಲ್ ಹಾಲು ಹಾಕಿದ ದಪ್ಪ ಸಿಹಿ ಚಹಾ ತಂದಿಟ್ಟ. ಆಮೇಲೆ ಪಕ್ಕದ ಹಳದಿ ಫಲಕವನ್ನು ತೋರಿಸಿ, ನಿಮಗೆ ಎಷ್ಟು ಸಲ ಹೇಳಿದೆ, ಲಿಚಿನ್ ಎಂದರೆ ಜಾರುತ್ತದೆ ಎಂದು ಎಂದ. ಆ ಅರ್ಥವನ್ನು ಅವನು ಮೊದಲೇ ಹೇಳಬಹುದಿತ್ತು. ನಾನು ಮೊದಲೇ ಕೇಳಬಹುದಿತ್ತು. ಅವನ ಮೇಲೆ ರೇಗಲು ಬಾಯಿ ತೆರೆದು, ಚಹಾ ಕುಡಿದೆ.

ಅನಘಾಳ ಕುತ್ತಿಗೆಯ ಎಡಭಾಗದಲ್ಲಿ ಮೂರು ಕೆಂಪು ಗೆರೆಗಳೆದ್ದಿದ್ದವು, ನನ್ನ ಉಗುರಿನವು. ಅವಳು ಶ್ರೀಮತಿ ಸೇಠಿಯವರ ಪಕ್ಕದಲ್ಲಿ, ಅವರು ಬಂಡೆಯ ಮೇಲೆ ಬಿಟ್ಟಿದ್ದ ಒಣ ದುಪಟ್ಟಾ ಹೊದ್ದು ಕುಳಿತಿದ್ದಳು. ಒದ್ದೆಯಾಗಿ ತೊಟ್ಟಿಕ್ಕುತ್ತಿದ್ದ ಆಕೆ ಮಠ್ರಿಯನ್ನು ಮುರಿದು ಮುರಿದು ಅವಳ ಕೈಗೆ ಕೊಡುತ್ತಿದ್ದರು. ಇಂದಿರಾಪುರಂ ಬಗ್ಗೆ ಒಂದು ಮಾತಿಲ್ಲ, ನನ್ನ ಬಗ್ಗೆಯೂ ಇಲ್ಲ. ನಾಲ್ಕು ದಿನದಿಂದ ಆಕೆ ಸುಮ್ಮನಾದರೆ ಸಾಕೆಂದು ಬಯಸಿದ್ದೆ. ಈಗ ಏನಾದರೂ ಬೈಯಲಿ ಎನಿಸುತ್ತಿತ್ತು. ನಾನು ಎದ್ದು ಹೋಗಿ ಕೈ ಮುಗಿದೆ. ಆಕೆ ಒಂದು ಮಠ್ರಿಯನ್ನು ನನ್ನ ಕೈಗಿಟ್ಟು, "ಖಾಇಯೇ, ಭಾಯಿಸಾಬ್" ಎಂದರು. ನಾನು ನಿಂತಲ್ಲೇ ತಿಂದೆ.

ಸುಮಿತ್ರಾ ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದಳು. ತೆಂಗಿನಸಿಪ್ಪೆಯ ರಾಶಿಯ ಪಕ್ಕ ನಿಂತು ಕೇಳಿದಳು.

"ಒಂದ್ಸಲ, ನಂಗೆ ಬರಲ್ಲ ಅಂತ ಹೇಳಿದ್ರೆ ಏನಾಗ್ತಿತ್ತು?"

"ನಿಂಗೆ ಗೊತ್ತಿತ್ತಾ?"

"ನಮ್ಮ ಮದುವೆ ದಿವ್ಸಾನೇ ನಿಮ್ಮಣ್ಣ ಹೇಳಿದ್ರು. ಇವನಿಗೆ ನೀರು ಕಂಡ್ರೆ ಆಗಲ್ಲ, ನೋಡ್ಕೊಮ್ಮ ಅಂತ. ನಾನು ಇಷ್ಟು ವರ್ಷ ಸುಮ್ನಿದ್ದೆ. ಕಥೆ ತಾನೇ ಅಂತ."

ಅವಳ ದನಿ ಏರಲಿಲ್ಲ. ಬೆಳಗ್ಗೆಯಿಂದ ನಾನು ರೇಗುತ್ತಿದ್ದದ್ದು ಸೆಕೆಗಲ್ಲ ಎಂದು ಅವಳಿಗೆ ಗೊತ್ತಿತ್ತು. ನನಗೂ ಈಗ ಗೊತ್ತಾಯಿತು. ಮೂವತ್ತೈದು ನಿಮಿಷ, ಎಮ್ಮೆ, ಕೋತಿ, ಹಿಮ್ಮಡಿ ಚಪ್ಪಲಿ, ಇವುಗಳಲ್ಲಿ ಯಾವುದರ ಮೇಲೂ ನನಗೆ ಕೋಪವಿರಲಿಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ಸ್ನಾನ ಎಂಬ ಪದ ಓದಿದಾಗಿನಿಂದ ನಾನು ಹೆದರಿದ್ದೆ. ಈಗ ಮಗಳಿಗೆ ಹೇಳಿ ಎಂದಳು ಸುಮಿತ್ರಾ. ನಾನು ಹೇಳಿಕೊಡಲ್ಲ, ನೀವೇ ಹೇಳಿ ಎಂದು ಹೋಗಿಬಿಟ್ಟಳು.

ಪಂತಾಯ್ ಚೆನಾಂಗ್

ಪಂತಾಯ್ ಎಂದರೆ ಸಮುದ್ರತೀರ. ಚೆನಾಂಗ್ ತೀರ ಉದ್ದಕ್ಕೂ ಬಿಳಿ ಮರಳು, ತೆಂಗಿನ ಸಾಲು, ದೂರದಲ್ಲಿ ಹಸಿರು ಗುಡ್ಡೆಗಳಂತೆ ಕುಳಿತ ಸಣ್ಣ ದ್ವೀಪಗಳು. ಕ್ಯಾಲೆಂಡರಿನಲ್ಲಿ ಇರುವಂತೆಯೇ ಇತ್ತು. ಬಿಳಿಯರು ಅಂಗಾತ ಮಲಗಿ ಓದುತ್ತಿದ್ದರು. ನಮ್ಮವರು ಸಮುದ್ರಕ್ಕೆ ಹೋದರೆ ಬಟ್ಟೆ ತೊಟ್ಟೇ ನೆನೆಯುತ್ತಾರೆ, ಕೂಗುತ್ತಾರೆ, ಏನಾದರೂ ತಿನ್ನುತ್ತಾರೆ. ಇವರಿಗೆ ಸಮುದ್ರ ಒಂದು ವಾಚನಾಲಯ. ಬೇರೆ ದಿನವಾಗಿದ್ದರೆ ಈ ಬಗ್ಗೆ ಇನ್ನೂ ಒಂದು ಪುಟ ಬರೆಯುತ್ತಿದ್ದೆನೇನೋ.

ಅನಘಾ ಒಬ್ಬಳೇ ಮರಳಿನಲ್ಲಿ ಮಂಡಿ ಮಡಿಸಿ ಕುಳಿತಿದ್ದಳು. ನಾನು ಒಂದು ಮಾರು ದೂರದಲ್ಲಿ ಕುಳಿತೆ. ಹೇಗೆ ಶುರುಮಾಡಬೇಕೆಂದು ವ್ಯಾನಿನಲ್ಲಿ ಬಹಳ ಯೋಚಿಸಿದ್ದೆ. ಅದೆಲ್ಲ ಉಪಯೋಗಕ್ಕೆ ಬರಲಿಲ್ಲ.

"ನಾನು ಕಾವೇರಿ ದಾಟಿಲ್ಲ ಪುಟ್ಟಿ," ಎಂದೆ.

"ಅಬ್ ತೋ ಗೊತ್ತಾಯ್ತು." ಅವಳು ಸಮುದ್ರವನ್ನೇ ನೋಡುತ್ತಿದ್ದಳು. "ಹಾಫ್ ಭೀ ನಹೀಂ?"

"ಇಲ್ಲ. ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದೇ ಇಲ್ಲ. ದಾಟಿದ್ದು ನಿಮ್ಮ ದೊಡ್ಡಪ್ಪ."

"ಔರ್ ಆ ಕರು?"

"ಕರು ಇರಲೇ ಇಲ್ಲ."

ಅವಳು ಸ್ವಲ್ಪ ಹೊತ್ತು ಬೆರಳಿನಿಂದ ಮರಳನ್ನು ಕೆದಕಿದಳು. ಕರುವಿನ ವಿಷಯ ಅವಳಿಗೆ ಹೆಚ್ಚು ನೋವು ಕೊಟ್ಟಿತೆಂದು ಕಾಣುತ್ತದೆ. ಆಮೇಲೆ ಹೇಳಿದಳು. ಅರ್ಧ ಕನ್ನಡ, ಅರ್ಧ ಹಿಂದಿ, ನಡುವೆ ಬಿಕ್ಕು.

"ರೇಸ್ ಟೈಮಲ್ಲಿ ನಂಗೆ ತುಂಬಾ ಭಯ ಆಗತ್ತೆ. ಡೈವ್ ಮಾಡೋ ಬ್ಲಾಕ್ ಮೇಲೆ ನಿಂತಾಗ. ಹರ್ ಬಾರ್. ಆಗ ನಾನು ಅದೇ ಸೋಚ್ತೀನಿ. ಕಿ ಅಪ್ಪಂಗೆ ಹನ್ನೆರಡು ವರ್ಷ ಇತ್ತು, ಅವ್ರಿಗೆ ಭಯ ಆಗ್ಲಿಲ್ಲ. ಈಗ ನಾನು ಏನು ಸೋಚೂಂ?"

ಇನ್ನು ಏನೆಂದು ಯೋಚಿಸಲಿ ಎಂದು ಅವಳು ಕೇಳುತ್ತಿದ್ದಳು. ಅನ್ನ ತಿನ್ನಿಸಲು ಹೇಳಿದ ಕಥೆಯನ್ನು ಮಗು ಒಂಬತ್ತು ವರ್ಷ ಎಲ್ಲೆಲ್ಲಿಗೆ ಹೊತ್ತುಕೊಂಡು ಹೋಗಿದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ಆಗಲೂ ಭಯವಿತ್ತು, ಈಗಲೂ ಇದೆ, ಇವತ್ತು ಬೆಳಗ್ಗೆಯಿಂದ ಬೇರೇನೂ ಇರಲಿಲ್ಲ ಎಂದು ಹೇಳಿದೆ. ನಿನ್ನ ಕುತ್ತಿಗೆ ಹಿಡಿದದ್ದು ತಪ್ಪಾಯಿತು ಎಂದೆ. ಬೇಕೆಂದೇ ಮಾಡಿದ್ದಲ್ಲ ಎಂದು ಸೇರಿಸಲು ಹೊರಟು, ಅದು ಎಷ್ಟು ನಿಜವೆಂದು ನನಗೇ ತಿಳಿಯದೆ ಸುಮ್ಮನಾದೆ.

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಅವಳು ಹೇಳಲೆಂದು ನಾನು ಕಾಯುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಅವಳು ಕಣ್ಣೊರೆಸಿಕೊಂಡು ಎದ್ದಳು, ಕೂದಲನ್ನು ಬಿಗಿಯಾಗಿ ಕಟ್ಟಿದಳು. ನೀರಿಗೆ ಹೋಗುತ್ತಾಳೆಂದು ತಿಳಿದು ಬೇಡ ಎನ್ನಲು ಬಾಯಿಗೆ ಬಂತು.

"ನೀವು ಇಲ್ಲೇ ನಿಂತ್ಕೊಳ್ಳಿ," ಎಂದಳು. "ನೋಡ್ತಾ ಇರಿ."

ಅದೊಂದು ಪೂರ್ತಿ ಕನ್ನಡ ವಾಕ್ಯ. ನಾನು ಎದ್ದು ನಿಂತೆ.

ತೀರದಿಂದ ದೂರದಲ್ಲಿ, ದೋಣಿಗಳು ಒಳಗೆ ಬರದಂತೆ, ಹಳದಿ ಬಣ್ಣದ ಒಂದು ಡಬ್ಬ ನೀರಿನ ಮೇಲೆ ತೇಲುತ್ತಿತ್ತು. ಅವಳು ಅದರ ದಿಕ್ಕಿಗೆ ಈಜತೊಡಗಿದಳು. ಸಣ್ಣ ಅಲೆಗಳ ನಡುವೆ ತಲೆ ಕಾಣಿಸುತ್ತಿತ್ತು, ಮರೆಯಾಗುತ್ತಿತ್ತು, ಕಾಣಿಸುತ್ತಿತ್ತು. ಕಾಲ ಬಳಿ ಅಲೆ ಬಂದು ಪ್ಯಾಂಟಿನ ಅಂಚನ್ನು ನೆನೆಸಿತು. ಸುಮಿತ್ರಾ ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತಳು. ಕ್ಯಾಮೆರಾ ಕೈಯಲ್ಲಿತ್ತು, ಎತ್ತಲಿಲ್ಲ. ಅನಘಾಳ ಕೈಬೀಸು ನಿಧಾನವಾಯಿತು. ಒಂದು ಕಡೆ ನಿಂತು ತೇಲಿದಳು, ಡಬ್ಬದತ್ತ ನೋಡಿದಳು, ಆಮೇಲೆ ತಿರುಗಿದಳು. ಬೆಳಗಿನ ನೀರು ಇನ್ನೂ ಅವಳ ಎದೆಯಲ್ಲಿದ್ದಿರಬೇಕು. ದಡಕ್ಕೆ ಬಂದಾಗ ಬಗ್ಗಿ ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಟ್ಟಳು.

"ನೋಡಿದ್ರಾ?"

"ನೋಡಿದೆ."

"ಎಲ್ಲೀವರೆಗೆ ಹೋದೆ? ನಂಗೆ ಗೊತ್ತಾಗ್ಲಿಲ್ಲ. ಆ ಯೆಲ್ಲೋ ವಾಲಾ ಹತ್ರ ಹೋದ್ನಾ?"

ಹೋಗೇಬಿಟ್ಟಿದ್ದೆ ಕಣೇ, ಇನ್ನು ಒಂದು ಕೈ ಅಷ್ಟೇ ಇತ್ತು ಎನ್ನುವುದು ನನಗೆ ಎಷ್ಟು ಸುಲಭವಾಗಿತ್ತೆಂದರೆ, ಆ ಮಾತು ನಾಲಗೆಯ ಮೇಲೆ ಬಂದು ಕುಳಿತಾಗಿತ್ತು. ನಾನು ಡಬ್ಬವನ್ನು ನೋಡಿದೆ, ಅವಳು ತಿರುಗಿದ ಜಾಗವನ್ನು ನೋಡಿದೆ.

"ಇಲ್ಲ," ಎಂದೆ. "ಅರ್ಧ ದಾರಿ. ಅರ್ಧಾನೂ ಇಲ್ಲ, ಅದಕ್ಕಿಂತ ಸ್ವಲ್ಪ ಕಮ್ಮಿ."

ಅನಘಾ ತಲೆಯೆತ್ತಿ ನನ್ನ ಮುಖವನ್ನು ನೋಡಿದಳು. ಮುಖದ ಮೇಲಿನ ಉಪ್ಪುನೀರನ್ನು ಅಂಗೈಯಿಂದ ಒರೆಸಿಕೊಂಡಳು.

"ಅಚ್ಛಾ," ಎಂದಳು. "ಇನ್ನೊಂದ್ಸಲ ಹೋಗ್ತೀನಿ."

ಅವಳು ಮತ್ತೆ ನೀರಿಗೆ ಇಳಿದಳು. ಮರಗಳ ಕಡೆಯಿಂದ ಇಸ್ಮಾಯಿಲ್ ಹೊರಡುವ ಹೊತ್ತಾಯಿತೆಂದು ಕೂಗುತ್ತಿದ್ದ. ನಾನು ಕಣ್ಣು ತೆಗೆಯದೆ ಒಂದು ಕೈಯನ್ನು ಹಿಂದಕ್ಕೆ ಚಾಚಿ, ತಡೆ ಎಂದು ಸನ್ನೆ ಮಾಡಿದೆ.